ಜಯಶೀಲಣ್ಣ ಹದಗೊಳಿಸಿದ ಪಿಯಾನೊ

ಡೊಂಬಿವಲಿಯ ನಮ್ಮ ಬಿಲ್ಡಿಂಗಿನ ಮೂರನೇ ಮಹಡಿಯಲ್ಲಿ ಒಂದು ಗ್ರ್ಯಾಂಡ್ ಪಿಯಾನೊ ಇದೆ ಎಂದರೆ ಯಾರೂ ನಂಬುವುದಿಲ್ಲ. ಇರುವುದು ಜಯಶೀಲಣ್ಣನ ಕಂಪ್ಯೂಟರಿನೊಳಗೆ. ಯಾರೋ ಎಲ್ಲೋ ನಿಜವಾದ ಪಿಯಾನೊದ ಒಂದೊಂದು ಕೀಯನ್ನೂ ಮೆಲ್ಲಗೆ, ಜೋರಾಗಿ ಒತ್ತಿ ರೆಕಾರ್ಡ್ ಮಾಡಿಟ್ಟ ಸದ್ದು ಅದು. ನಿಜವಾದದ್ದನ್ನು ಇವರು ಜನ್ಮದಲ್ಲಿ ಮುಟ್ಟಿಲ್ಲ. ಆದರೆ ಆ ಸದ್ದನ್ನು ಹಾಡಿಗೆ ಹೊಂದಿಸುವುದರಲ್ಲಿ ಎತ್ತಿದ ಕೈ.

ವಾಗ್ಳೆ ಎಸ್ಟೇಟಿನಲ್ಲಿ ತಗಡು ಬಡಿಯುವ ಕಾರ್ಖಾನೆಯೊಂದರಲ್ಲಿ ಹತ್ತೊಂಬತ್ತು ವರ್ಷ ದುಡಿದು, ಅದು ಮುಚ್ಚಿದಾಗ ಕೈಗೆ ಬಂದದ್ದನ್ನೆಲ್ಲ ಸ್ಪೀಕರಿಗೆ ಸುರಿದು, ಮನೆಯಲ್ಲೇ ಗಾಯಕರ ಹಾಡು ಹದಮಾಡಿ ಕೊಡುವ ಕೆಲಸ ಹಿಡಿದವರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದು ನಾನೇ ಹಂಗಿಸಿದ್ದೆ. ಅವರು ನಕ್ಕರು.

"ರಾಕ್ ಹಾಡಲ್ಲಿ ಗಿಟಾರು, ಡ್ರಮ್ಮು ಎಲ್ಲ ಬೊಬ್ಬೆ ಹಾಕ್ತದೆ ಮಾರಾಯ. ಪಿಯಾನೊದ ಕೆಳಗಿನ ಸ್ವರದ ಗುಂಯ್ ಸ್ವಲ್ಪ ತೆಗೀಬೇಕು, ಮೇಲಿನ ಸ್ವರದ ಹರಿತ ಸ್ವಲ್ಪ ಏರಿಸ್ಬೇಕು. ಆಗ ಅದರ ಮಾತು ಕೇಳ್ತದೆ."

ಮಗಳು ಅನುಷ್ಕಾ ನೆರೂಳದ ಕಾಲೇಜಿನಿಂದ ಬಂದು ಅಪ್ಪನ ಪಕ್ಕ ಕೂರುತ್ತಿದ್ದಳು. ಮುಗಿದ ಹಾಡನ್ನು ಗಿರಾಕಿಗೆ ಕಳಿಸುವುದು ಅವಳ ಕೆಲಸ.

ಈ ಮಾರ್ಚಿನಲ್ಲಿ ಅವಳು ಪರೀಕ್ಷೆಗೆಂದು ಗೆಳತಿಯ ಮನೆಯಲ್ಲಿ ಉಳಿದಿದ್ದಾಗ ಜಯಶೀಲಣ್ಣ ತಾವೇ ಒಂದು ಹಾಡು ಕಳಿಸಿದರು. ನಾನು ಅಲ್ಲೇ ಚಹಾ ಕುಡಿಯುತ್ತಿದ್ದೆ. ಹತ್ತು ನಿಮಿಷಕ್ಕೆ ಗಾಯಕ ಯತಿನ್‌ನ ಫೋನು ಬಂತು.

"ದಾದಾ, ಯೇ ಕ್ಯಾ ಭೇಜಾ?" ಇದೇನು ಕಳಿಸಿದ್ದೀರಿ ಎಂದು ಕೇಳಿದ. ಪಿಯಾನೊ ಸೂಜಿಯಂತೆ ಕಿವಿಗೆ ಚುಚ್ಚುತ್ತಿದೆಯಂತೆ. ಪ್ರತಿ ಸಲ ಎಷ್ಟು ಚೆಂದ ಇರುತ್ತಿತ್ತಂತೆ.

ಅಣ್ಣನಿಗೆ ಸಿಟ್ಟು ಬಂತು. ಎಂದಿನಂತೆಯೇ ಮಾಡಿದ್ದೇನೆಂದು ನನಗೆ ತೋರಿಸಲು ಹಳೆಯ ಹಾಡುಗಳನ್ನು ತೆರೆದರು. ಒಂದು, ಎರಡು, ಹನ್ನೊಂದು. ಪ್ರತಿಯೊಂದರಲ್ಲೂ ಅವರು ಏರಿಸಿದ್ದ ಹರಿತವನ್ನು ಕಳಿಸುವ ಮುಂಚೆ ಅನುಷ್ಕಾ ಇಳಿಸಿದ್ದಳು; ಪರದೆಯ ಮೇಲಿನ ಅಂಕಿಗಳೇ ಅದನ್ನು ಹೇಳುತ್ತಿದ್ದವು. ಮೊದಮೊದಲು ಎಳ್ಳಷ್ಟು, ಬರಬರುತ್ತ ಹೆಚ್ಚು. ಎರಡು ವರ್ಷದಿಂದ.

ಮೇಲಿನ ಸದ್ದು ಅವರ ಕಿವಿಗೆ ಬೀಳುವುದೇ ಕಡಿಮೆಯಾಗಿತ್ತು. ಕೇಳದೆ ಹೋದಷ್ಟೂ ಏರಿಸುತ್ತ ಹೋಗಿದ್ದರು. ಹಾಳು ಕಾರ್ಖಾನೆ ಮುಚ್ಚುವ ಮೊದಲೇ ಕಿವಿ ತಿಂದುಬಿಟ್ಟಿತ್ತು. ನನಗಾದರೂ ಗೊತ್ತಾಗಬೇಕಿತ್ತು. ಹಕ್ಕಿಯ ಹಾಗೆ ಚಿಲಿಪಿಲಿಗುಟ್ಟುವ ಅವರ ಮನೆಯ ಬೆಲ್ಲು ಒತ್ತಿ ಒತ್ತಿ, ಕೊನೆಗೆ ಬಾಗಿಲು ಬಡಿದೇ ಒಳಗೆ ಹೋಗುತ್ತಿದ್ದವನು ನಾನು.

"ಹುಡುಗಿ ಗೊತ್ತಿದ್ದೂ ಹೇಳಲಿಲ್ಲ ನೋಡು," ಎಂದರು ಅಣ್ಣ.

ಅವಳು ಮರಳಿದ ಸಂಜೆ ನಾನೂ ಹೋದೆ. ಅಣ್ಣ ಬೈಯಲಿಲ್ಲ. ಯತಿನ್‌ನ ಹಾಡು ತೆರೆದು ಕೆಳಗಿನ ಗುಂಯ್ ಸರಿಮಾಡಿದರು. ಅದು ಅವರಿಗೆ ಇನ್ನೂ ಕೇಳುತ್ತಿತ್ತು. ಹರಿತದ ಸರದಿ ಬಂದಾಗ ಮೌಸು ಬಿಟ್ಟು ಎದ್ದು ನಿಂತರು.

"ಕೂತ್ಕೊ ಮಗಾ. ಇಷ್ಟು ದಿನ ಕದ್ದು ಮಾಡಿದ್ದನ್ನ ಇನ್ನು ನನ್ನ ಎದುರೇ ಮಾಡು."

"ಸಾರಿ ನಾ ಪಪ್ಪಾ... ಮೈ ಬೋಲ್ ನಹೀ ಪಾಯೀ."

ಹೇಳಲು ಬಾಯಿ ಬರಲಿಲ್ಲವೆಂದು ಕಣ್ಣೊರೆಸಿಕೊಂಡು ಅವಳು ಕುರ್ಚಿಯಲ್ಲಿ ಕೂತು ಹರಿತ ಇಳಿಸಿದಳು. ಅಣ್ಣ ಸ್ಪೀಕರಿನತ್ತ ಬಾಗಿ, ಕಣ್ಣು ಮುಚ್ಚಿ ಹಾಡು ಮುಗಿಯುವ ತನಕ ಕೇಳಿದರು.

"ಈಗ ಹೇಗುಂಟು," ಎಂದರು, "ನೀನೇ ಹೇಳ್ಬೇಕು ನಂಗೆ."