ನಾನು ಕುಡಿಯದೆ ಬಿಟ್ಟ ನೀರು

ಕೊಡಿಗೇನಹಳ್ಳಿ ಹೋಬಳಿಯ ಒಂದು ಗ್ರಾಮದಲ್ಲಿ ಆರೋಗ್ಯ ಸಹಾಯಕನಾಗಿ ಆರು ವರ್ಷ ಕರ್ತವ್ಯ ನಿರ್ವಹಿಸಿದ ನಾನು, ಅಲ್ಲಿ ನಡೆದ ಒಂದು ಸಂಗತಿಯನ್ನು ಓದುಗರ ಗಮನಕ್ಕೆ ತರಬಯಸುತ್ತೇನೆ. ಇಲ್ಲಿಯವರೆಗೆ ನಾನು ಬರೆದಿರುವುದು ವರದಿಗಳನ್ನು ಮತ್ತು ಕಚೇರಿ ಪತ್ರಗಳನ್ನು ಮಾತ್ರ. ಆದಕಾರಣ ಲೋಪಗಳಿದ್ದಲ್ಲಿ ಮನ್ನಿಸಬೇಕಾಗಿ ಕೋರುತ್ತೇನೆ.

ಗ್ರಾಮದ ಶಾಲೆಯ ಹಿಂದಿನ ಕೋಣೆಯೊಂದರಲ್ಲಿ ನಾನು ಒಬ್ಬನೇ ವಾಸವಿದ್ದೆ. ಬೆಳಿಗ್ಗೆ ನೀರು ಕುದಿಸಿ, ಆರಿಸಿ, ಸ್ಟೀಲ್ ಬಾಟಲಿಗೆ ತುಂಬಿಕೊಂಡು ಮನೆ ಭೇಟಿಗೆ ಹೊರಡುತ್ತಿದ್ದೆ. ಆ ಕಡೆ ಮನೆಗೆ ಬಂದವರಿಗೆ ಮೊದಲು ಒಂದು ಚೊಂಬು ನೀರು, ಒಂದು ಚೂರು ಬೆಲ್ಲ ಕೊಡುವುದು ವಾಡಿಕೆ. ಚೊಂಬಿನ ಜೊತೆ ಬೆರಳುಗಳೂ ಗುಡಾಣದ ನೀರಿನಲ್ಲಿ ಮುಳುಗಿ ಬರುವುದನ್ನು ನೋಡುತ್ತಿದ್ದ ನಾನು, ಪ್ರತಿ ಮನೆಯಲ್ಲೂ ಬೇಡವೆಂದು ಬಾಟಲಿ ತೋರಿಸುತ್ತಿದ್ದೆ. ಕಾರಣ ಹೇಳುತ್ತಿರಲಿಲ್ಲ, ಹೇಳಿದರೆ ಅವರ ಮನೆಯ ನೀರು ಕೊಳಕು ಎಂದಂತಾಗುವುದೆಂಬ ಸಂಕೋಚ. ಎರಡನೆಯ ವರ್ಷದ ಹೊತ್ತಿಗೆ ನೀರು ತಂದುಕೊಡುವುದು ನಿಂತಿತು. ಆಮೇಲೆ, ಕುಳಿತುಕೊಳ್ಳಿ ಎನ್ನುವುದೂ ನಿಂತಿತು.

ಎದುರು ಮನೆಯಲ್ಲಿ ಕೂಲಿಗೆ ಹೋಗುತ್ತ, ನಾಲ್ಕು ಮೇಕೆ ಸಾಕಿಕೊಂಡಿದ್ದ ಒಬ್ಬ ವಿಧವೆ ಇದ್ದರು. ಅವರೊಬ್ಬರು ಮಾತ್ರ ನಾನು ಹೊರಡುವಾಗ ತಪ್ಪದೆ ಕೆಣಕುತ್ತಿದ್ದರು.

“ಏನ್ಸಾ, ಬಾಟ್ಲಿ ಹೊಂಟಿತಾ ಡ್ಯೂಟಿಗೆ?”

ಎಷ್ಟೋ ದಿನ, ಇಡೀ ದಿನದಲ್ಲಿ ನನಗಾಗಿ ಬಂದ ಮಾತು ಅದೊಂದೇ ಆಗಿರುತ್ತಿತ್ತು.

ಬೇಸಿಗೆಯಲ್ಲಿ ನಲ್ಲಿ ನೀರು ಮೂರು ದಿನಕ್ಕೊಮ್ಮೆ, ಅದೂ ಸಣ್ಣಗೆ ಬರುತ್ತಿತ್ತು. ಬಿಂದಿಗೆ ಬೇಗ ತುಂಬಲೆಂದು ಜನರು ಮನೆ ಮುಂದೆ ಮೊಣಕಾಲುದ್ದದ ಗುಂಡಿ ತೋಡಿ, ನಲ್ಲಿಯನ್ನು ಕತ್ತರಿಸಿ ಅದರೊಳಕ್ಕೆ ಇಳಿಸಿಕೊಂಡಿದ್ದರು. ಬಟ್ಟೆ ಒಗೆದ ನೀರು, ಚರಂಡಿ ನೀರು ಅಲ್ಲೇ ನಿಲ್ಲುತ್ತಿತ್ತು. ಸರಬರಾಜು ನಿಂತೊಡನೆ ಖಾಲಿ ಪೈಪು ಆ ನೀರನ್ನು ಒಳಕ್ಕೆಳೆದುಕೊಳ್ಳುತ್ತದೆ. ಮುಂದಿನ ಸರದಿಯಲ್ಲಿ ಅದು ಬೀದಿಯ ಎಲ್ಲ ಮನೆಗಳಿಗೂ ಹರಿಯುತ್ತದೆ. ಇದು ನನಗೆ ತಿಳಿದಿತ್ತು. ಗುಂಡಿಗಳನ್ನು ಮುಚ್ಚತಕ್ಕದ್ದೆಂದು ತಿಳುವಳಿಕೆ ಪತ್ರ ಬರೆದು ಪಂಚಾಯಿತಿ ಗೋಡೆಗೆ ಅಂಟಿಸಿದೆ. ಬಾಯಿಬಿಟ್ಟು ಯಾರಿಗೂ ಹೇಳಲಿಲ್ಲ.

ನಾಲ್ಕನೆಯ ವರ್ಷದ ಬೇಸಿಗೆಯಲ್ಲಿ ಒಂದು ಮಗುವಿಗೆ ಭೇದಿ ಹಿಡಿಯಿತು. ಅದರ ಬಟ್ಟೆಗಳನ್ನು ನಲ್ಲಿ ಗುಂಡಿಯ ಪಕ್ಕದಲ್ಲೇ ಒಗೆದಿದ್ದರು. ಮುಂದಿನ ಸರದಿಯ ನೀರು ಬಂದ ಎರಡು ದಿನಕ್ಕೆ ಆ ಬೀದಿಯಲ್ಲಿ ಹಲವರು ವಾಂತಿಭೇದಿಯಿಂದ ಮಲಗಿದರು. ಆಂಬುಲೆನ್ಸ್ ಮಗುವನ್ನೂ ಇನ್ನಿಬ್ಬರನ್ನೂ ಮಧುಗಿರಿಗೆ ಕರೆದೊಯ್ದ ಮೇಲೆ, ಎದುರು ಮನೆಯ ಮೇಕೆಗಳು ಒದರುತ್ತಿರುವುದು ಕಿವಿಗೆ ಬಿತ್ತು. ಬಾಗಿಲು ಬೆಳಗಿನಿಂದ ತೆರೆದಿರಲಿಲ್ಲ.

ತಳ್ಳಿಕೊಂಡು ಒಳಗೆ ಹೋದೆ. ಆಕೆ ಚಾಪೆಯ ಮೇಲಿದ್ದರು. ಕಣ್ಣುಗಳು ಗುಳಿಬಿದ್ದಿದ್ದವು. ಚರ್ಮವನ್ನು ಹಿಡಿದೆತ್ತಿ ಬಿಟ್ಟರೆ ಮಡಿಕೆ ಹಾಗೆಯೇ ನಿಲ್ಲುತ್ತಿತ್ತು. ನೀರು ಕುಡಿದರೆ ಭೇದಿ ಹೆಚ್ಚುತ್ತದೆಂದು ನಂಬಿ ಹಿಂದಿನ ದಿನದಿಂದ ಒಂದು ತೊಟ್ಟನ್ನೂ ಮುಟ್ಟಿರಲಿಲ್ಲ. ವಾಹನ ಹಿಂದಿರುಗಲು ಬಹಳ ಹೊತ್ತು ಹಿಡಿಯುತ್ತಿತ್ತು. ಅಷ್ಟರಲ್ಲಿ ಒಳಕ್ಕೆ ನೀರು ಹೋಗದಿದ್ದರೆ ಅವರು ಉಳಿಯುವುದು ಅನುಮಾನವಾಗಿತ್ತು. ನನ್ನ ಬಾಟಲಿಯ ನೀರಿಗೆ ಓಆರ್‌ಎಸ್ ಪುಡಿ ಕಲಸಿ ಬಾಯಿಗೆ ಹಿಡಿದೆ. ಅವರು ಮುಖ ತಿರುಗಿಸಿದರು.

“ನಾಕ್ ವರ್ಸದಿಂದ ನಮ್ಮನೆ ನೀರು ಮುಟ್ಟಿಲ್ಲ ನೀವು. ನಿಮ್ ಜಾತಿಗೆ ಆಗಲ್ವೇನೋ ಅಂತ ಸುಮ್ಕಿದ್ದೆ. ಈಗ ನಿಮ್ ನೀರು ನಾನ್ಯಾಕೆ ಕುಡೀಲಿ?”

ನನ್ನ ಬಾಟಲಿಗೆ ಇಡೀ ಗ್ರಾಮ ಕಟ್ಟಿದ್ದ ಅರ್ಥ ಅಂದು ನನಗೆ ಗೊತ್ತಾಯಿತು. ನಿಜವಾದ ಕಾರಣವನ್ನು ವಿವರಿಸಿದೆ. ಆದರೂ ಅವರು ಬಾಟಲಿಗೆ ಬಾಯಿ ಹಚ್ಚಲಿಲ್ಲ.

ಸೋಪಿನಿಂದ ಕೈ ತೊಳೆದು, ಅವರದೇ ಒಲೆ ಹೊತ್ತಿಸಿ, ಅವರದೇ ಗುಡಾಣದ ನೀರನ್ನು ಅವರದೇ ಪಾತ್ರೆಯಲ್ಲಿ ಚೆನ್ನಾಗಿ ಮರಳಿಸಿದೆ. ಎರಡು ಲೋಟಗಳನ್ನು ಕುದಿನೀರಿನಲ್ಲಿ ತೊಳೆದೆ. ಆರಿದ ನೀರಿಗೆ ಪುಡಿ ಬೆರೆಸಿ, ಅವರು ನೋಡುತ್ತಿರುವಂತೆಯೇ ಒಂದು ಲೋಟ ಪೂರ್ತಿ ಕುಡಿದೆ. ಇನ್ನೊಂದನ್ನು ಮುಂದೆ ಹಿಡಿದೆ.

ಒಂದು ಗುಟುಕು ಕುಡಿದು, “ಥೂ, ಉಪ್ಪುಪ್ಪು,” ಎಂದರು. ನನಗೂ ಹಿಡಿಸಲಿಲ್ಲವೆಂದೆ. ಎರಡನೆಯ ಗುಟುಕಿಗೆ ಬಾಯಿ ತೆರೆದರು. ವಾಂತಿಯಾದಾಗ ಹತ್ತು ನಿಮಿಷ ಕಾದು, ಮತ್ತೆ ಚಮಚ ಚಮಚವಾಗಿ ಕುಡಿಸಿದೆ. ಮಧ್ಯಾಹ್ನ ವಾಹನ ಬರುವ ವೇಳೆಗೆ ಒಂದು ಲೀಟರಿನಷ್ಟು ಹೊಟ್ಟೆ ಸೇರಿತ್ತು. ನಾಲ್ಕನೆಯ ದಿನ ಅವರು ಮಧುಗಿರಿಯಿಂದ ಬಸ್ಸಿನಲ್ಲಿ ಹಿಂದಿರುಗಿ ಮೊದಲು ಮೇಕೆಗಳನ್ನು ಎಣಿಸಿದರು.

ಆ ವಾರ ಪ್ರತಿ ಮನೆಗೂ ಹೋಗಿ ಗುಂಡಿಯ ವಿಷಯವನ್ನು ಬಾಯಿಮಾತಿನಲ್ಲಿ ಹೇಳಿದೆ. ಗುಂಡಿಗಳು ಮುಚ್ಚಿದವು, ನಲ್ಲಿಗಳು ಮೇಲೆ ಬಂದವು. ಆದರೆ ನನ್ನನ್ನು ಕೂರಿಸಿ ಮಾತನಾಡಿಸುವ ರೂಢಿ ಆ ಬೀದಿಗೆ ಮರಳಲಿಲ್ಲ. ಅದಕ್ಕೆ ಅವರನ್ನು ದೂರಲಾರೆ.

ವರ್ಗಾವಣೆಯಾಗಿ ಹೊರಟ ದಿನ ಎದುರು ಮನೆಯ ಆಕೆ ಬಸ್ ನಿಲ್ದಾಣದವರೆಗೆ ಬಂದರು. ಕೈಯಲ್ಲಿ ತಟ್ಟೆ ಮುಚ್ಚಿದ ಚೊಂಬಿತ್ತು.

“ಕಾಯ್ಸಿ ಆರ್ಸಿದೀನಿ ಕಣ್ ಸಾ. ಕುಡ್ಕೊಂಡೇ ಹತ್ತಿ.”

ನಿಂತಲ್ಲೇ ಕುಡಿದೆ. ನೀರಿಗೆ ಒಲೆಯ ಹೊಗೆಯ ವಾಸನೆಯಿತ್ತು.

ಪ್ರಸ್ತುತ ಶಿರಾದಲ್ಲಿ ಕರ್ತವ್ಯದಲ್ಲಿದ್ದೇನೆ. ಮನೆ ಭೇಟಿಯಲ್ಲಿ ಕಾಯಿಸಿದ ನೀರಿದ್ದರೆ ಕೇಳಿ ಕುಡಿಯುತ್ತೇನೆ. ಇಲ್ಲದಿದ್ದರೆ ಕಾರಣ ಹೇಳಿಯೇ ಬಾಟಲಿ ತೆರೆಯುತ್ತೇನೆ. ಬಾಡಿಗೆ ಕೋಣೆಯ ಕರೆಂಟ್ ಕೆಟಲ್‌ನಲ್ಲಿ ಕುದಿಸಿದ ನೀರಿಗೆ ಯಾವ ವಾಸನೆಯೂ ಇರುವುದಿಲ್ಲ. ಬೆಳಿಗ್ಗೆ ಬೀಗ ಹಾಕಿ ತಿರುಗುವಾಗ, ಬಾಟಲಿ ಡ್ಯೂಟಿಗೆ ಹೊರಟಿತೇ ಎಂದು ಕೇಳುವವರು ಈ ಬೀದಿಯಲ್ಲಿ ಯಾರೂ ಇಲ್ಲ.