ಪ್ರಿನ್ಸಿಪಾಲರ ಮೇಲ್ ಓದಿ ಹೇಳುವ ಕೆಲಸ

ಮಧುಗಿರಿಯ ಈ ಖಾಸಗಿ ಕಾಲೇಜಿಗೆ ನಾನು ಗುಮಾಸ್ತೆಯಾಗಿ ಸೇರಿ ಹನ್ನೊಂದು ವರ್ಷವಾಯಿತು. ಹನ್ನೊಂದೂ ವರ್ಷ ಹಂಗಾಮಿ. ಜೂನ್ ಬಂದರೆ ಹೊಸ ಆರ್ಡರು, ಮತ್ತೆ ಹತ್ತು ತಿಂಗಳು. ಏಪ್ರಿಲ್, ಮೇ ತಿಂಗಳಲ್ಲಿ ನಾನು ಕಾಲೇಜಿಗೆ ಯಾರೂ ಅಲ್ಲ, ಆದರೆ ಅಡ್ಮಿಷನ್ ಫಾರಂ ಕೊಡುವುದಕ್ಕೆ ಮಾತ್ರ ನಾನೇ ಬರಬೇಕು. ಖಾಯಂ ಮಾಡಿಸಿ ಎಂದು ಕೇಳಿದಾಗಲೆಲ್ಲ ಪ್ರಿನ್ಸಿಪಾಲರು, "ನಾನಂತೂ ಬರ್ದಿದೀನಿ ಕಣಮ್ಮ, ಟ್ರಸ್ಟಿನೋರು ಮನ್ಸು ಮಾಡ್ಬೇಕಲ್ಲ" ಎನ್ನುತ್ತಿದ್ದರು. ನಾನು ನಂಬಿ, ಮುಖವನ್ನೇ ನೋಡದ ಟ್ರಸ್ಟಿನವರಿಗೆ ಹಿಡಿಶಾಪ ಹಾಕಿದ್ದೇ ಹಾಕಿದ್ದು.

ಹೋದ ವರ್ಷ ಪ್ರಿನ್ಸಿಪಾಲರಿಗೆ ಕಣ್ಣಿನ ಪೊರೆ ಆಪರೇಷನ್ ಆಯಿತು. ಹದಿನೈದು ದಿನ ಫೋನು, ಕಂಪ್ಯೂಟರು ನೋಡಬಾರದೆಂದರಂತೆ ಡಾಕ್ಟರು. ಶಿರಾದ ಮನೆಗೆ ಹೊರಡುವ ಮುಂಚೆ ಅವರ ಮೇಲ್ ನನ್ನ ಕಂಪ್ಯೂಟರಿನಲ್ಲೂ ತೆರೆಯುವ ಹಾಗೆ ಮಾಡಿದರು. ಕೊಡಬೇಕಿದ್ದದ್ದು ಬಂದ ಪತ್ರಗಳ ಫೋಲ್ಡರ್ ಒಂದೇ. ಅವರ ಅಳಿಯ ಫೋನಿನಲ್ಲಿ ಹೇಗೆಂದು ಬಿಡಿಸಿ ಹೇಳುತ್ತಿದ್ದ. ಇವರಿಗೆ ತಾಳ್ಮೆ ಎಲ್ಲಿಂದ ಬರಬೇಕು? "ಎಲ್ಲಾದ್ಕೂ ಟಿಕ್ ಹಾಕ್ಬುಟ್ಟೆ ಬುಡಪ್ಪ, ನಮ್ಮುಡ್ಗೀನೇ ತಾನೆ" ಎಂದುಬಿಟ್ಟರು. ನಮ್ಮುಡ್ಗಿ! ಆ ಒಂದು ಮಾತಿಗೇ ಹಿಗ್ಗಿಹೋದೆ, ಪೆದ್ದಮುಂಡೇದು ನಾನು.

ದಿನಾ ಹನ್ನೊಂದಕ್ಕೆ ನಾನು ಫೋನ್ ಮಾಡಿ ಮೇಲ್‌ಗಳನ್ನು ಓದಬೇಕು. ಅವರು ಅಲ್ಲಿಂದಲೇ "ಹ್ಞೂಂ" ಎಂದು ಉತ್ತರ ಹೇಳುವರು, ನಾನು ಟೈಪ್ ಮಾಡಿ ಕಳಿಸುವುದು. ಹೀಗೆ ನಾಲ್ಕು ದಿನ ನಡೆಯಿತು.

ಐದನೆಯ ದಿನ ಟ್ರಸ್ಟಿನಿಂದ ಮೇಲ್ ಬಂತು. ಹಂಗಾಮಿ ಸಿಬ್ಬಂದಿಯ ಬಗ್ಗೆ ಹಿಂದೆ ಕಳಿಸಿದ್ದ ಅಭಿಪ್ರಾಯದ ಪ್ರತಿ ಮತ್ತೊಮ್ಮೆ ಬೇಕಂತೆ. ಹುಡುಕಿಟ್ಟುಕೊಂಡು ಫೋನ್ ಮಾಡೋಣವೆಂದು ಕಳಿಸಿದ ಪತ್ರಗಳ ಫೋಲ್ಡರ್ ತೆರೆದೆ. ಸಿಕ್ಕಿತು. ಎರಡು ಸಲ ಓದಿದೆ. ಖಾಯಂ ಮಾಡೋಣವೇ ಎಂದು ಟ್ರಸ್ಟಿನವರೇ ಕೇಳಿದ್ದರು, ಇವರೇ ಬೇಡವೆಂದಿದ್ದರು.

ಹನ್ನೊಂದಾಯಿತು. ಫೋನ್ ಮಾಡಿ, ದಿನಾ ಓದುವ ಧಾಟಿಯಲ್ಲೇ ಅದನ್ನೂ ಓದಿದೆ: "ಸದರಿ ಗುಮಾಸ್ತೆಯ ಸೇವೆಯನ್ನು ಖಾಯಂಗೊಳಿಸುವ ಅಗತ್ಯ ಕಂಡುಬರುವುದಿಲ್ಲ. ಇವರು ಸ್ಥಳೀಯರಾಗಿದ್ದು, ಬೇರೆಡೆ ಹೋಗುವ ಸಂಭವವಿಲ್ಲ. ಈಗಿರುವಂತೆಯೇ ಮುಂದುವರಿಸಬಹುದು."

"ಹ್ಞೂಂ. ಯಾರ್ ಬರ್ದಿರೋದಮ್ಮ ಅದು?"

"ನೀವೇ ಸಾರ್. ಟ್ರಸ್ಟಿನೋರು ಇದ್ರ ಕಾಪಿ ಕೇಳವ್ರೆ."

ತಪ್ಪಾಯಿತು ಎಂದಾದರೂ ಒಂದು ಮಾತು ಬರುತ್ತದೆಂದು ಕಾದೆ.

"ಅದ್ನೆಲ್ಲಾ ಯಾಕಮ್ಮ ತೆಗ್ಯಕೋದೆ? ಖಾಯಂ ಆದ್ರೆ ಟ್ರಸ್ಟಿನೋರು ನಿನ್ನನ್ನ ಅವ್ರ ಪಾವಗಡದ ಕಾಲೇಜಿಗೆ ಹಾಕ್ಬುಡ್ತಾರೆ ಕಣಮ್ಮ. ಆಮ್ಯಾಕೆ ಇಲ್ಲಿ ನನ್ ಗತಿ ಏನು?"

"ನನ್ ಗತಿ ಸಾರ್?" ಎಂದೆ. ಹಾಳಾದ ಬಾಯಿ, ಆಗಲೂ 'ಸಾರ್' ಎನ್ನುವುದನ್ನು ಬಿಡಲಿಲ್ಲ.

"ಮುಂದಿನ್ ವರ್ಸ ನೋಡಾನ ಬುಡು. ಈಗ ಅವ್ರು ಕೇಳವ್ರಲ್ಲ, ಆ ಕಾಪಿ ಕಳ್ಸ್‌ಬುಡು."

ಆಗೋದಿಲ್ಲ ಎನ್ನಬಹುದಿತ್ತು. ಅಳಿಸಿಹಾಕಿ, ಸಿಗಲಿಲ್ಲ ಎನ್ನಬಹುದಿತ್ತು. ಎರಡೂ ಹೊಳೆದವು. ಆದರೆ ಜೂನ್‌ನಲ್ಲಿ ನನ್ನ ಆರ್ಡರಿಗೆ ಸಹಿ ಹಾಕುವವರು ಅವರೇ. "ತಾವು ಕೋರಿದ ಪ್ರತಿಯನ್ನು ಲಗತ್ತಿಸಿದೆ" ಎಂದು ಟೈಪ್ ಮಾಡಿ, ಕೆಳಗೆ ಅವರ ಹೆಸರು ಹಾಕಿ, ನನ್ನ ಕೈಯಿಂದಲೇ ಕಳಿಸಿದೆ.