ಗೊರವಯ್ಯನ ಅಂಗೈಯ ಭಂಡಾರ

ಮೊನ್ನೆ ಸೊಸೆ ಮೈಲಾರಕ್ಕೆ ಹೋಗಿ ಬಂದು ಚೀಲ ಬಿಚ್ಚಿದಳು. ಭಂಡಾರದ ವಾಸನೆ, ಅದೇ ಅರಿಶಿನ ಪುಡಿಯ ಘಾಟು, ಪಡಸಾಲೆ ತುಂಬ ಹರಡಿತು. "ಹಣೀಗೆ ಹಚ್ಚತೀನಿ, ಬರ್ರಿ ಅತ್ತಿ" ಎಂದು ಚಿಟಿಕೆ ಹಿಡಿದು ಬಂದಳು. ನಾನು "ಒಲ್ಲೆವ್ವಾ, ಒಲ್ಲೆ" ಎನ್ನುತ್ತ ಎದ್ದು ಹಿತ್ತಲಿಗೆ ಹೋದೆ. ಮುದುಕಿಗೆ ಅರಳುಮರಳು ಅಂದುಕೊಂಡಿರಬೇಕು. ಅಂದುಕೊಳ್ಳಲಿ.

ನೆನಪಾದವನು ಮಟಮಾರಿಯ ನಮ್ಮ ಗೊರವಯ್ಯ. ಮೈಮೇಲೆ ಕರಿ ಕಂಬಳಿ, ಕೈಯಲ್ಲಿ ಡಮರುಗ, ಸೊಂಟದಲ್ಲಿ ಭಂಡಾರದ ಚರ್ಮದ ಚೀಲ. ಕುರಿ ಕಾಯುವ ನಮ್ಮಂಥವರ ಮನೆಗಳಿಗೆ ಮೈಲಾರಲಿಂಗನ ಹೆಸರಿನಲ್ಲಿ ಭಿಕ್ಷೆಗೆ ಬರುತ್ತಿದ್ದ. ಅದು ನಿಜಾಮರ ಕಾಲ. ಭಾನುವಾರ ಬಂತೆಂದರೆ ರಾಯಚೂರಿಗೆ ನಡೆದು ಹೋಗಿ ಜೈಲಿನ ಕಂಬಿಯ ಮುಂದೆ ಕೂರುತ್ತಿದ್ದ. ಯಾರೂ ಕರೆದಿರಲಿಲ್ಲ, ಯಾರೂ ಹಿಡಿ ಜೋಳ ಕೊಡುತ್ತಿರಲಿಲ್ಲ. ಕೈದಿಗಳ ಹಣೆಗೆ ಭಂಡಾರ ಹಚ್ಚಿ, ಅವರ ದುಃಖ ಕೇಳಿ ಹಿಂದಿರುಗುತ್ತಿದ್ದ. "ಹೊರಗಿದ್ದೋರಿಗೆ ಗುಡಿ ಅದ. ಒಳಗಿದ್ದೋರಿಗೆ ಯಾರು ಅದಾರ?" ಎನ್ನುತ್ತಿದ್ದ.

ಆ ವರ್ಷ ನನ್ನ ಅಣ್ಣನೂ ಒಳಗಿದ್ದ. ಗೌಡರ ಹೊಲಕ್ಕೆ ಕುರಿ ನುಗ್ಗಿ ಜಗಳವಾಗಿ, ಅವರ ಕಾವಲಿನವ ಪೆಟ್ಟು ತಿಂದು ಸತ್ತಿದ್ದ. ಕಂಡವರು ಯಾರೂ ಇರಲಿಲ್ಲ. ಹೊಡೆದವನು ಅಣ್ಣನೇ ಎಂದು ನನ್ನ ಮನಸ್ಸಿಗೆ ಗೊತ್ತಿತ್ತು, ಕೇಳುವ ಧೈರ್ಯ ಇರಲಿಲ್ಲ. ಸಾಕ್ಷಿಯಿಲ್ಲದಿದ್ದರೆ ಬಿಡುತ್ತಾರೆ ಎಂದು ವಕೀಲರು ಹೇಳಿದ್ದರು. ಆದರೆ ಅಣ್ಣ ಊಟ ಬಿಟ್ಟಿದ್ದ. ಐದು ದಿನದಿಂದ ತುತ್ತು ಗಂಟಲಿಗೆ ಇಳಿದಿರಲಿಲ್ಲವಂತೆ. ನಾನು ಹೆದರಿ ಗೊರವಯ್ಯನ ಕಾಲು ಹಿಡಿದೆ.

"ಯಪ್ಪಾ, ಹೆಂಗರ ಮಾಡಿ ಅವಗ ನಾಕು ತುತ್ತು ಉಣಿಸಿ ಬಾ."

ಹೋದ. ತಂಗಿ ಕಳಿಸಿದಳೆಂದು ಹೇಳಿ ಅಣ್ಣನ ಕೈಗೆ ಭಂಡಾರ ಕೊಟ್ಟ. ನಮ್ಮಲ್ಲಿ ಭಂಡಾರ ಹಿಡಿದು ಯಾರೂ ಸುಳ್ಳಾಡುವುದಿಲ್ಲ. ಆಡಿದರೆ ಮನೆತನವೇ ಉಳಿಯದೆಂಬ ಭಯ. ಅಣ್ಣ ಎಲ್ಲವನ್ನೂ ಹೇಳಿಕೊಂಡು ಅತ್ತನಂತೆ. ಅತ್ತು, ಎರಡು ರೊಟ್ಟಿ ತಿಂದನಂತೆ. ಆ ಸುದ್ದಿ ಕೇಳಿ ನಾನು ಗೊರವಯ್ಯನ ಪಾದ ತೊಳೆದೆ... ಥೂ, ಎಂಥ ಹುಚ್ಚಿ ನಾನು!

ಕಂಬಿಯ ಬಳಿ ನಿಂತಿದ್ದ ಪಹರೆಯವ ಈ ಸುದ್ದಿಯನ್ನು ಪೊಲೀಸ್ ಅಮೀನನಿಗೆ ಮುಟ್ಟಿಸಿದ. ಅಮೀನ ನಮ್ಮ ಮಂದಿಯನ್ನು ಚೆನ್ನಾಗಿ ಬಲ್ಲವನು. ಗೊರವಯ್ಯನನ್ನು ಬೈಯಲಿಲ್ಲ, ಹೊಡೆಯಲಿಲ್ಲ. ಕಚೇರಿಗೆ ಕರೆಸಿ, ಆತನ ಚೀಲದ ಭಂಡಾರವನ್ನೇ ಆತನ ಅಂಗೈಗೆ ಸುರಿದ. "ಈಗ ಹೇಳು. ಅವ ನಿನಗ ಏನ್ ಹೇಳಿದ?"

ಗೊರವಯ್ಯ ಹೇಳಿಬಿಟ್ಟ.

ಅಣ್ಣನಿಗೆ ಜೀವಾವಧಿ ಶಿಕ್ಷೆಯಾಯಿತು. ಎರಡನೇ ವರ್ಷ ಜ್ವರ ಬಂದು ಒಳಗೇ ಹೋದ. ನಮಗೆ ಸುದ್ದಿ ಬರುವಷ್ಟರಲ್ಲಿ ಮಣ್ಣಾಗಿತ್ತು.

ಶಿಕ್ಷೆಯಾದ ವಾರ ಗೊರವಯ್ಯ ನಮ್ಮ ಬಾಗಿಲಿಗೆ ಬಂದಿದ್ದ. ಡಮರುಗ ಬಾರಿಸದೆ ನಿಂತ. ನಾನು ಓಣಿಗೆಲ್ಲ ಕೇಳುವಂತೆ ಕೂಗಿದೆ. "ನಿನ್ನ ಬಾಯಿಗೆ ಮಣ್ಣು ಬೀಳ್ಲಿ! ಒಂದು ಸುಳ್ಳು ಹೇಳಾಕ ಆಗಲಿಲ್ಲೇನು ನಿನಗ?"

"ಕೈಯಾಗ ಭಂಡಾರ ಇತ್ತು ಯವ್ವಾ..." ಎಂದ. 'ನೀನೇ ಅಲ್ಲೇನು ಕಳಿಸಿದಾಕಿ' ಎನ್ನಬಹುದಿತ್ತು. ಅನ್ನಲಿಲ್ಲ.

ಊರಲ್ಲಿ ಯಾರೂ ಅವನಿಗೆ ಭಿಕ್ಷೆ ಹಾಕದಂತೆ ಮಾಡಿದೆ. ಜೈಲಿನಲ್ಲೂ ಕೈದಿಗಳು ಅವನನ್ನು ಕಂಡರೆ ಗೋಡೆಗೆ ಮುಖ ತಿರುಗಿಸುತ್ತಿದ್ದರಂತೆ. ಆದರೂ ಭಾನುವಾರ ತಪ್ಪಿಸಲಿಲ್ಲ. ಖಾಲಿ ಚೀಲ ಕಟ್ಟಿಕೊಂಡು ಹೋಗಿ, ಸಂಜೆಯವರೆಗೆ ಕಂಬಿಯ ಮುಂದೆ ಕೂತು ಬರುತ್ತಿದ್ದ. ಆಮೇಲೊಂದು ಬೇಸಿಗೆ ಕಾಣೆಯಾದ... ಚೀಕಲಪರ್ವಿಯ ಹೊಳೆದಂಡೆಯಲ್ಲಿ ಸತ್ತನೆಂದು ಯಾರೋ ಹೇಳಿದರು. ನಾನು "ಪೀಡೆ ಹೋತು" ಎಂದೆ.

ಮಕ್ಕಳಿಗೆ, ಮೊಮ್ಮಕ್ಕಳಿಗೆ ಇಷ್ಟು ವರ್ಷ ಒಂದೇ ಕಥೆ ಹೇಳಿದ್ದೇನೆ: ಗೊರವಯ್ಯ ತಾನಾಗಿ ಹೋಗಿ ನನ್ನ ಅಣ್ಣನನ್ನು ತಿಂದ. ಕಾಲು ಹಿಡಿದು ಕಳಿಸಿದವಳು ನಾನೆಂದು ಬಲ್ಲವರು, ಅಣ್ಣ ಮತ್ತು ಗೊರವಯ್ಯ, ಇಬ್ಬರೂ ಹೋದರು...

ಮೊನ್ನೆ ಸೊಸೆ ಹಿತ್ತಲಿಗೂ ಬಂದಳು. "ಹಣೀಗೆ ಬ್ಯಾಡಂದ್ರ ಕೈಯಾಗರ ಹಿಡೀರಿ ಅತ್ತಿ" ಎಂದಳು.

ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡೆ.